ಗಳಿಕೆ, ಉಳಿಕೆ, ನೀಡಿಕೆ: ಜಾನ್ ವೆಸ್ಲಿಯ ಬದುಕಿನಲ್ಲಿ ಸಂಪತ್ತಿನ ಪ್ರಶ್ನೆ

ಕನ್ನಡ ಮುದ್ರಣದ ಚರಿತ್ರೆಯನ್ನು ಅಭ್ಯಸಿಸುವವರಿಗೆ ವೆಸ್ಲಿ ಎಂಬ ಹೆಸರು ಹೊಸತಲ್ಲ. ವಿಲಿಯಂ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಹೊರತಂದದ್ದು ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ. ಮೈಸೂರಿನ ವೆಸ್ಲಿ ಮುದ್ರಣಾಲಯ ಮತ್ತು ‘ವೃತ್ತಾಂತ ಪತ್ರಿಕೆ’ಗಳ ಪ್ರಸ್ತಾಪವಿಲ್ಲದೆ ಹತ್ತೊಂಬತ್ತನೆಯ ಶತಮಾನದ ಕನ್ನಡ ಗದ್ಯದ ಚರ್ಚೆ ಪೂರ್ಣವಾಗುವುದಿಲ್ಲ. ಆದರೆ ಈ ಹೆಸರು ನಮ್ಮಲ್ಲಿ ಬಹುಮಟ್ಟಿಗೆ ಶೀರ್ಷಿಕೆಪುಟದ ಅಡಿಯಲ್ಲಿಯೇ ಉಳಿದುಬಿಟ್ಟಿದೆ. ಆ ಹೆಸರಿನ ವ್ಯಕ್ತಿ ಭಾರತವನ್ನು ಕಂಡವನಲ್ಲ. ಅವನು ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ ಅವನ ಪಂಥದ ಮಿಷನರಿಗಳು ಬೆಂಗಳೂರಿಗೆ ಬಂದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಂಡವಾಳ ತಲೆಯೆತ್ತುತ್ತಿದ್ದ ಕಾಲದಲ್ಲಿ, ಲೋಭ ಮತ್ತು ಸಂತೃಪ್ತಿಗಳನ್ನು ಕುರಿತ ಕ್ರೈಸ್ತ ಚಿಂತನೆಯನ್ನು ತನ್ನ ದಿನದಿನದ ಲೆಕ್ಕದ ಪುಸ್ತಕಕ್ಕೆ ಇಳಿಸಲು ಯತ್ನಿಸಿದವನು ಎಂಬ ಕಾರಣಕ್ಕೆ ಜಾನ್ ವೆಸ್ಲಿಯ ಬದುಕು ಪ್ರತ್ಯೇಕ ಗಮನಕ್ಕೆ ಅರ್ಹವಾಗಿದೆ.

ವೆಸ್ಲಿ 1703ರ ಜೂನ್‌ನಲ್ಲಿ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್‌ನಲ್ಲಿ ಜನಿಸಿದನು. ತಂದೆ ಸ್ಯಾಮ್ಯುಯೆಲ್ ಅಲ್ಲಿನ ಆಂಗ್ಲಿಕನ್ ಚರ್ಚಿನ ಪಾದ್ರಿ. ಪಂಡಿತ, ಕವಿ, ಹಾಗೂ ಹಣದ ವಿಷಯದಲ್ಲಿ ಏನೇನೂ ತಿಳಿಯದವನು. ತಾಯಿ ಸುಸಾನಾ ಹೆತ್ತ ಹತ್ತೊಂಬತ್ತು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಶೈಶವದಲ್ಲಿಯೇ ತೀರಿಕೊಂಡವು. 1705ರಲ್ಲಿ ಸಾಲ ತೀರಿಸಲಾಗದೆ ಸ್ಯಾಮ್ಯುಯೆಲ್ ಲಿಂಕನ್ ಕೋಟೆಯ ಸೆರೆಮನೆ ಸೇರಿದಾಗ ಜಾನ್ ಎರಡು ವರ್ಷದ ಮಗು. ಮನೆಯಲ್ಲಿ ಎಂದಾದರೂ ಅನ್ನಕ್ಕೆ ಕೊರತೆಯಾಗಿತ್ತೇ ಎಂದು ಯಾರ್ಕ್‌ನ ಆರ್ಚ್‌ಬಿಷಪ್ ವಿಚಾರಿಸಿದಾಗ ಸುಸಾನಾ, ರೊಟ್ಟಿ ಇಲ್ಲದ ದಿನವಿರಲಿಲ್ಲವೆಂದೂ, ಆದರೆ ಅದನ್ನು ಹೊಂದಿಸುವ ಮತ್ತು ಅದರ ಬೆಲೆ ತೆರುವ ಚಿಂತೆಯಲ್ಲಿ ಆ ರೊಟ್ಟಿ ರುಚಿಸುತ್ತಿರಲಿಲ್ಲವೆಂದೂ ತಿಳಿಸಿದಳೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಬಡತನವನ್ನು ಆಧ್ಯಾತ್ಮಿಕ ಆದರ್ಶವೆಂದು ಹಾಡಿ ಹೊಗಳುವ ಪರಂಪರೆ ಕ್ರೈಸ್ತ ಧರ್ಮದಲ್ಲಿ ದೀರ್ಘವಾದುದು. ವೆಸ್ಲಿ ಆ ಧಾಟಿಯಲ್ಲಿ ಎಂದೂ ಬರೆಯಲಿಲ್ಲ. ಸಾಲಗಾರನ ಮನೆಯಲ್ಲಿ ಬೆಳೆದವನಿಗೆ ಬಡತನದ ರುಚಿ ಗೊತ್ತಿತ್ತು.

1709ರ ಫೆಬ್ರವರಿಯ ಒಂದು ರಾತ್ರಿ ಪಾದ್ರಿಮನೆಗೆ ಬೆಂಕಿ ಬಿದ್ದಿತು. ಮಹಡಿಯಲ್ಲಿ ಸಿಕ್ಕಿಕೊಂಡಿದ್ದ ಐದು ವರ್ಷದ ಜಾನ್‌ನನ್ನು ನೆರೆಯವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯಿಂದ ಇಳಿಸಿದ ಪ್ರಸಂಗವನ್ನು ಮೆಥಡಿಸ್ಟ್ ಸಾಹಿತ್ಯ ದೈವಸಂಕಲ್ಪವೆಂದು ವಿಸ್ತಾರವಾಗಿ ಬಣ್ಣಿಸುತ್ತದೆ. ಪುಸ್ತಕ, ಪೀಠೋಪಕರಣ, ಬಟ್ಟೆಬರೆಗಳೆಲ್ಲ ಸುಟ್ಟುಹೋಗಿ ಆ ಕುಟುಂಬ ಮತ್ತೆ ಸಾಲಕ್ಕಿಳಿಯಿತೆಂಬ ಅಂಶ ಈ ಬಣ್ಣನೆಯಲ್ಲಿ ಹಿಂದೆ ಸರಿಯುತ್ತದೆ.

ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ 1720ರಲ್ಲಿ ಆಕ್ಸ್‌ಫರ್ಡ್ ಸೇರಿದ ವೆಸ್ಲಿ 1726ರಲ್ಲಿ ಲಿಂಕನ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದನು. ಬದುಕಿನಲ್ಲಿ ಮೊದಲ ಬಾರಿಗೆ ಸ್ಥಿರವಾದ ವರಮಾನ ಬಂದುದು ಆಗಲೇ. ಜೆರೆಮಿ ಟೇಲರ್, ಥಾಮಸ್ ಎ ಕೆಂಪಿಸ್, ವಿಲಿಯಂ ಲಾ ಇವರ ಕೃತಿಗಳನ್ನು ಅವನು ಓದಿದ್ದೂ ಈ ವರ್ಷಗಳಲ್ಲಿಯೇ. ಕಾಲವನ್ನೂ ಹಣವನ್ನೂ ದೇವರಿಗೆ ಒಪ್ಪಿಸಬೇಕಾದ ಲೆಕ್ಕವೆಂದು ಭಾವಿಸುವ ಕ್ರಮವನ್ನು ಅವನು ಇವರಿಂದ ಕಲಿತನು. ತಮ್ಮ ಚಾರ್ಲ್ಸ್ ಮತ್ತಿತರ ಗೆಳೆಯರೊಡನೆ ಸೇರಿ ನಿಯಮಬದ್ಧವಾಗಿ ಪ್ರಾರ್ಥನೆ, ಉಪವಾಸ, ಸೆರೆಮನೆಯ ಭೇಟಿಗಳಲ್ಲಿ ತೊಡಗಿದ ಈ ಗುಂಪನ್ನು ಸಹಪಾಠಿಗಳು ಹಾಸ್ಯಕ್ಕೆ ಮೆಥಡಿಸ್ಟರೆಂದು ಕರೆದರು; ಹಾಸ್ಯದ ಹೆಸರೇ ಕೊನೆಗೆ ಪಂಥದ ಹೆಸರಾಯಿತು.

ಈ ಅವಧಿಯ ಒಂದು ಘಟನೆಯನ್ನು ವೆಸ್ಲಿ ಮುಪ್ಪಿನಲ್ಲಿ, ಉಡುಪಿನ ಆಡಂಬರವನ್ನು ಕುರಿತ ಪ್ರವಚನವೊಂದರಲ್ಲಿ ನೆನೆದಿದ್ದಾನೆ. ಚಳಿಗಾಲದ ಒಂದು ದಿನ, ಅವನ ಗೆಳೆಯರ ಗುಂಪು ನಡೆಸುತ್ತಿದ್ದ ಶಾಲೆಯ ಬಡ ಹುಡುಗಿಯೊಬ್ಬಳು ತೆಳುವಾದ ನಾರುಬಟ್ಟೆಯ ಅಂಗಿಯೊಂದನ್ನೇ ತೊಟ್ಟು ನಡುಗುತ್ತ ಅವನ ಕೋಣೆಗೆ ಬಂದಳು. ಅವಳಿಗೆ ಹೊದೆಯಲು ಬೇರೇನೂ ಇರಲಿಲ್ಲ. ಅವನು ಜೇಬಿಗೆ ಕೈ ಹಾಕಿದರೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಇದ್ದುದನ್ನೆಲ್ಲ ಆಗತಾನೆ ತೆತ್ತಾಗಿತ್ತು. ಆ ಹಣ ತನ್ನ ಕೋಣೆಯ ಗೋಡೆಯ ಅಲಂಕಾರವಾಗಿತ್ತು. ಗೋಡೆಗೆ ಹೊದಿಸಿದ್ದು ಆ ಹುಡುಗಿಯ ಮೈಗೆ ಸೇರಬೇಕಾಗಿದ್ದುದೆಂದು ಅವನಿಗೆ ಹೊಳೆಯಿತು. ಐವತ್ತು ವರ್ಷಗಳ ಅನಂತರವೂ ಅವನು ಇದನ್ನು ಮರೆತಿರಲಿಲ್ಲ. ಇಲ್ಲಿ ಗಮನಿಸಬೇಕಾದುದು ಅವನ ಪಶ್ಚಾತ್ತಾಪಕ್ಕಿಂತ ಆ ಪಶ್ಚಾತ್ತಾಪದ ತರ್ಕವನ್ನು. ಚಿತ್ರ ಕೊಳ್ಳುವುದು ಪಾಪವೆಂಬ ನೆಲೆಯಿಂದ ಅವನು ಯೋಚಿಸಲಿಲ್ಲ. ಒಬ್ಬನ ಬಳಿ ಇರುವ ಮಿಗತೆ ಮತ್ತೊಬ್ಬನ ಕೊರತೆಯೊಡನೆ ನೇರ ಸಂಬಂಧ ಹೊಂದಿದೆಯೆಂಬುದು ಅವನ ನಿಲುವು.

ಆಕ್ಸ್‌ಫರ್ಡಿನ ಮೆಥಡಿಸ್ಟನೊಬ್ಬನು ವರ್ಷಕ್ಕೆ 30 ಪೌಂಡು ವರಮಾನವಿದ್ದಾಗ 28ರಲ್ಲಿ ಬದುಕಿ 2 ಪೌಂಡು ದಾನ ಮಾಡಿದನೆಂದೂ, ಮರುವರ್ಷ 60 ಬಂದಾಗಲೂ 28ರಲ್ಲಿಯೇ ಬದುಕಿ 32 ಕೊಟ್ಟನೆಂದೂ, ವರಮಾನ 90ಕ್ಕೆ, 120ಕ್ಕೆ ಏರಿದಾಗ 62, 92 ಪೌಂಡುಗಳನ್ನು ಕೊಟ್ಟನೆಂದೂ ವೆಸ್ಲಿ 1787ರ ಪ್ರವಚನದಲ್ಲಿ ಬರೆದಿದ್ದಾನೆ. ಆ ವ್ಯಕ್ತಿಯ ಹೆಸರನ್ನು ಅವನು ಹೇಳುವುದಿಲ್ಲ. ಅದು ಅವನೇ ಎಂದು ಪರಂಪರೆ ನಂಬಿಕೊಂಡು ಬಂದಿದೆ. ಅವನ ಮುಂದಿನ ಬದುಕನ್ನು ನೋಡಿದರೆ ಈ ನಂಬಿಕೆಯನ್ನು ಅಲ್ಲಗಳೆಯುವುದು ಕಷ್ಟ. ವರಮಾನ ಏರಿದರೂ ಅಗತ್ಯ ಏರಬೇಕಾಗಿಲ್ಲ ಎಂಬ ಈ ಸರಳ ಗಣಿತದಲ್ಲಿ ಕ್ರೈಸ್ತ ಸಂತೃಪ್ತಿಯ ಕಲ್ಪನೆ ಅಂಕಿಗಳ ರೂಪ ಪಡೆದಿದೆ. ಗಣಿತವನ್ನು ಆಳವಾಗಿ ಅಭ್ಯಸಿಸಿದರೆ ತಾನು ನಾಸ್ತಿಕನಾದೇನೆಂದು ಹೆದರಿ ಅದರಿಂದ ದೂರ ಉಳಿದವನು ಬದುಕಿನುದ್ದಕ್ಕೂ ಬಿಡದೆ ಮಾಡಿದ್ದು ಕೂಡುವ ಕಳೆಯುವ ಲೆಕ್ಕವನ್ನೇ ಎಂಬುದು ಸ್ವಾರಸ್ಯದ ಸಂಗತಿ.

1735ರಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಹೋಗಿ ಎರಡು ವರ್ಷಗಳಲ್ಲಿ ಸೋತು ಮರಳಿದ್ದು, 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನಿಗಾದ ಆಧ್ಯಾತ್ಮಿಕ ಅನುಭವ, ಇವು ಹಲವೆಡೆ ಚರ್ಚಿತವಾಗಿವೆ. ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದುದು 1739ರ ಏಪ್ರಿಲ್. ಜಾರ್ಜ್ ವಿಟ್‌ಫೀಲ್ಡ್‌ನ ಕರೆಯಂತೆ ಬ್ರಿಸ್ಟಲ್‌ಗೆ ಬಂದ ವೆಸ್ಲಿ ಮೊದಲ ಬಾರಿಗೆ ಬಯಲಿನಲ್ಲಿ ನಿಂತು ಪ್ರವಚನ ಮಾಡಿದನು. ಚರ್ಚಿನ ಬಾಗಿಲು ಕಾಣದ ಕಿಂಗ್ಸ್‌ವುಡ್‌ನ ಕಲ್ಲಿದ್ದಲ ಗಣಿ ಕಾರ್ಮಿಕರು ಅವನ ಶ್ರೋತೃಗಳಾದರು. ಅಲ್ಲಿಂದ ಮುಂದಿನ ಐದು ದಶಕಗಳ ಕಾಲ ಅವನ ಬದುಕು ಕುದುರೆಯ ಬೆನ್ನಿನ ಮೇಲೆ ಕಳೆಯಿತು. ಎರಡೂವರೆ ಲಕ್ಷ ಮೈಲಿಗಳ ಪ್ರಯಾಣ, ನಲವತ್ತು ಸಾವಿರ ಪ್ರವಚನಗಳು ಎಂಬುದು ರೂಢಿಯ ಅಂದಾಜು.

ಏನನ್ನೂ ತನ್ನದೆಂದು ಇಟ್ಟುಕೊಳ್ಳದವನ ತಲೆಯ ಮೇಲೆ ಆಸ್ತಿ ಬಂದು ಕೂತ ಬಗೆ ವಿಚಿತ್ರವಾದುದು. ಬ್ರಿಸ್ಟಲ್‌ನಲ್ಲಿ ಕೂಟಕ್ಕೊಂದು ಕಟ್ಟಡ ಬೇಕಾಯಿತು. ಮೊದಲು ಅದನ್ನು ಧರ್ಮದರ್ಶಿಗಳ ಹೆಸರಿನಲ್ಲಿಡಲಾಗಿತ್ತು. ಅವರು ಮುಂದೆ ಪ್ರವಚನಕಾರನನ್ನೇ ಹೊರಹಾಕಬಲ್ಲರೆಂದು ವಿಟ್‌ಫೀಲ್ಡ್ ಎಚ್ಚರಿಸಿದ ಮೇಲೆ ವೆಸ್ಲಿ ಆ ಪತ್ರವನ್ನು ರದ್ದುಪಡಿಸಿ ಕಟ್ಟಡವನ್ನೂ ಅದರ ಸಾಲವನ್ನೂ ತನ್ನ ಮೇಲೆ ಹೊತ್ತುಕೊಂಡನು, ಕೈಯಲ್ಲಿ ಹಣವಿರಲಿಲ್ಲ. 1742ರಲ್ಲಿ ಈ ಸಾಲ ತೀರಿಸುವ ಬಗೆ ಹೇಗೆಂದು ಚರ್ಚೆಯಾದಾಗ, ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲೆಂದೂ, ಅಷ್ಟೂ ಕೊಡಲಾಗದ ಬಡವರ ಪಾಲನ್ನು ಸಂಗ್ರಹಕಾರನೇ ತುಂಬಲೆಂದೂ ಒಬ್ಬ ಸದಸ್ಯ ಸೂಚಿಸಿದನು. ಹನ್ನೆರಡು ಜನರ ಗುಂಪಿಗೆ ಒಬ್ಬ ಸಂಗ್ರಹಕಾರ. ವಾರವಾರ ಮನೆಗಳಿಗೆ ಹೋದವನಿಗೆ ಅವರ ಕುಡಿತ, ಜಗಳ, ಕಾಯಿಲೆಗಳೆಲ್ಲ ತಿಳಿಯತೊಡಗಿದವು. ಮೆಥಡಿಸ್ಟ್ ಸಂಘಟನೆಯ ಬೆನ್ನೆಲುಬೆನಿಸಿದ ಕ್ಲಾಸ್ ಪದ್ಧತಿ ಹುಟ್ಟಿದ್ದು ಹೀಗೆ, ಸಾಲ ವಸೂಲಿಯ ಅಗತ್ಯದಿಂದ. ಮುಂದೆ ಕಟ್ಟಡಗಳು ನೂರಾರಾದವು. ಅವುಗಳ ಒಡೆತನದ ಪ್ರಶ್ನೆಯನ್ನು 1784ರಲ್ಲಿ ನೂರು ಮಂದಿ ಪ್ರವಚನಕಾರರ ಹೆಸರುಗಳುಳ್ಳ ಕಾನೂನುಪತ್ರದ ಮೂಲಕ ಬಗೆಹರಿಸಬೇಕಾಗಿ ಬಂದಿತು.

ಲಂಡನ್ನಿನಲ್ಲಿ ಹಳೆಯ ಫಿರಂಗಿ ಕಾರ್ಖಾನೆಯ ಪಾಳುಕಟ್ಟಡವಾದ ಫೌಂಡರಿಯನ್ನು ವೆಸ್ಲಿ ತನ್ನ ಕೇಂದ್ರವಾಗಿಸಿಕೊಂಡನು. 1746ರಲ್ಲಿ ಅಲ್ಲಿ ಬಡವರಿಗೆ ಉಚಿತ ಔಷಧಾಲಯ ಆರಂಭವಾಯಿತು. ಅದೇ ವರ್ಷ, ಉಳ್ಳವರಿಂದ 50 ಪೌಂಡು ಸಂಗ್ರಹಿಸಿ ಸಾಲನಿಧಿಯೊಂದನ್ನು ಸ್ಥಾಪಿಸಿದನು. 20 ಶಿಲಿಂಗುಗಳನ್ನು, ಎಂದರೆ ಒಂದು ಪೌಂಡನ್ನು, ಮೀರದ ಸಾಲ. ಮೂರು ತಿಂಗಳಲ್ಲಿ ತೀರಿಸಬೇಕು. ಇಷ್ಟು ಅಲ್ಪ ಮೊತ್ತದಿಂದ ಒಂದು ವರ್ಷದಲ್ಲಿ 250 ಜನರಿಗೆ ನೆರವಾಯಿತೆಂದು 1748ರ ಅವನ ಬರವಣಿಗೆ ತಿಳಿಸುತ್ತದೆ. ಮುಂದೆ ಸಾಲದ ಮಿತಿ 5 ಪೌಂಡಿಗೆ ಏರಿತು.

ಈ ನಿಧಿಯಿಂದ 1775ರಲ್ಲಿ 5 ಪೌಂಡು ಪಡೆದವರಲ್ಲಿ ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಮ್ಮಾರನೂ ಒಬ್ಬ. ಆ ಹಣದಿಂದ ಅವನು ಹಳೆಯ ಪುಸ್ತಕಗಳ ಅಂಗಡಿಯನ್ನು ಬೆಳೆಸಿದನು. ಸಾಲ ಕೊಡದೆ ನಗದಿಗೇ, ಅಗ್ಗದ ಬೆಲೆಗೆ ಮಾರುವ ಕ್ರಮದಿಂದ ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲೊಬ್ಬನಾದನು. ಶ್ರೀಮಂತನಾದ ಮೇಲೆ ಮೆಥಡಿಸ್ಟರನ್ನು ತೊರೆದು 1791ರ ಆತ್ಮಕಥೆಯಲ್ಲಿ ಅವರನ್ನು ಮನಸಾರೆ ಗೇಲಿ ಮಾಡಿದನು. ಕೊನೆಗಾಲದಲ್ಲಿ ಮತ್ತೆ ಅವರ ಕಡೆಗೇ ತಿರುಗಿ ತನ್ನ ಹಣದಿಂದ ಆರಾಧನಾಲಯಗಳನ್ನು ಕಟ್ಟಿಸಿದನೆಂಬುದು ಬೇರೆ ಮಾತು. ವೆಸ್ಲಿಯನ್ನು ಮುಪ್ಪಿನಲ್ಲಿ ಕಾಡಿದ ಸಮಸ್ಯೆಗೆ ಲ್ಯಾಕಿಂಗ್ಟನ್‌ನಷ್ಟು ಒಳ್ಳೆಯ ನಿದರ್ಶನ ಸಿಗುವುದು ವಿರಳ.

ಬಡತನವನ್ನು ಕುರಿತ ವೆಸ್ಲಿಯ ತಿಳಿವಳಿಕೆ ಗ್ರಂಥಸ್ಥವಾದುದಲ್ಲ. 1753ರ ಫೆಬ್ರವರಿಯಲ್ಲಿ ಲಂಡನ್ನಿನ ನೆಲಮಾಳಿಗೆಗಳಲ್ಲಿ, ಅಟ್ಟಗಳಲ್ಲಿ ಹಸಿವು ಕಾಯಿಲೆಗಳಿಂದ ನರಳುತ್ತಿದ್ದವರನ್ನು ಕಂಡುಬಂದ ಮೇಲೆ, ತೆವಳಲು ಶಕ್ತಿಯಿದ್ದವರೆಲ್ಲ ದುಡಿಯುತ್ತಲೇ ಇದ್ದರೆಂದು ಅವನು ದಿನಚರಿಯಲ್ಲಿ ಬರೆದನು. ಸೋಮಾರಿತನದಿಂದಲೇ ಜನ ಬಡವರಾಗಿದ್ದಾರೆಂಬ ಉಳ್ಳವರ ಆಕ್ಷೇಪಣೆಯನ್ನು ಪೈಶಾಚಿಕ ಸುಳ್ಳೆಂದು ಕಟುವಾಗಿ ತಳ್ಳಿಹಾಕಿದನು. 1773ರಲ್ಲಿ ಆಹಾರಧಾನ್ಯದ ಅಭಾವವನ್ನು ಕುರಿತು ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ತಿಪ್ಪೆಯಿಂದ ನಾರುವ ಮೀನುಗಳನ್ನು ಆಯ್ದು ಮಕ್ಕಳಿಗೆ ಒಯ್ಯುತ್ತಿದ್ದ ಹೆಂಗಸಿನ, ನಾಯಿ ಬಿಟ್ಟ ಮೂಳೆಗಳಿಂದ ಸಾರು ಕಾಯಿಸುತ್ತಿದ್ದ ಮತ್ತೊಬ್ಬಳ ಪ್ರಸ್ತಾಪವಿದೆ. ಅಭಾವದ ಕಾರಣಗಳನ್ನು ಅವನು ಹುಡುಕಿದ್ದು ಮದ್ಯ ತಯಾರಿಕೆಗೆ ಸುರಿಯುತ್ತಿದ್ದ ಧಾನ್ಯದಲ್ಲಿ, ಶ್ರೀಮಂತರ ಗಾಡಿಕುದುರೆಗಳು ತಿನ್ನುತ್ತಿದ್ದ ಓಟ್ಸ್‌ನಲ್ಲಿ, ಸಣ್ಣ ಹಿಡುವಳಿಗಳನ್ನು ನುಂಗುತ್ತಿದ್ದ ದೊಡ್ಡ ಜಮೀನುಗಳಲ್ಲಿ, ತೆರಿಗೆಯಲ್ಲಿ. ಅರ್ಥಶಾಸ್ತ್ರದ ದೃಷ್ಟಿಯಿಂದ ಅವನ ಲೆಕ್ಕಗಳು ಎಷ್ಟು ನಿಖರವೆಂಬುದು ಪ್ರಶ್ನಾರ್ಹವಾದರೂ, ಲೋಭವನ್ನು ವ್ಯಕ್ತಿಯ ಅಂತರಂಗದ ದೋಷವಾಗಿ ಮಾತ್ರ ಕಾಣದೆ ಮಾರುಕಟ್ಟೆಯ ಬೆಲೆಗಳಲ್ಲಿ ಗುರುತಿಸಿದ್ದು ಸಣ್ಣ ವಿಷಯವಲ್ಲ. ಮರುವರ್ಷ ಪ್ರಕಟವಾದ ಗುಲಾಮಗಿರಿಯ ವಿರುದ್ಧದ ಕೃತಿಯಲ್ಲಿಯೂ ಇದೇ ಎಳೆ ಮುಂದುವರಿದಿದೆ. ಗುಲಾಮರಿಲ್ಲದೆ ದೇಶಕ್ಕೆ ಸಂಪತ್ತಿಲ್ಲವೆಂಬ ವಾದಕ್ಕೆ, ಅಂಥ ಸಂಪತ್ತು ಇಲ್ಲದಿರುವುದೇ ಲೇಸೆಂಬುದು ಅವನ ಉತ್ತರವಾಗಿತ್ತು.

1760ರಲ್ಲಿ ಪ್ರಕಟವಾದ ಹಣದ ಬಳಕೆಯನ್ನು ಕುರಿತ ಪ್ರವಚನ ಅವನ ಚಿಂತನೆಯ ಕೇಂದ್ರದಲ್ಲಿದೆ. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಬರುವ ಅನ್ಯಾಯಗಾರ ಮೇಲ್ವಿಚಾರಕನ ಸಾಮತಿ ಅದಕ್ಕೆ ಆಧಾರ. ಈ ಮೇಲ್ವಿಚಾರಕನನ್ನು ಕನ್ನಡ ಬೈಬಲ್ಲು ಮನೆವಾರ್ತೆಯವನೆಂದು ಕರೆದಿದೆ. ವೆಸ್ಲಿಯ ಆಶಯಕ್ಕೆ ಇದು ಬಹಳ ಹತ್ತಿರವಾದ ಮಾತು. ಒಡೆಯ ದೇವರು, ಮನುಷ್ಯ ಅವನ ಮನೆವಾರ್ತೆ ನೋಡಿಕೊಳ್ಳುವವನು. ಸಾಧ್ಯವಾದಷ್ಟು ಗಳಿಸುವುದು, ಸಾಧ್ಯವಾದಷ್ಟು ಉಳಿಸುವುದು, ಸಾಧ್ಯವಾದಷ್ಟು ಕೊಡುವುದು ಎಂಬ ಮೂರು ನಿಯಮಗಳನ್ನು ಅಲ್ಲಿ ವಿಧಿಸಲಾಗಿದೆ. ಗಳಿಕೆಗೆ ಕಠಿಣ ಕಟ್ಟುಪಾಡುಗಳಿವೆ. ತನ್ನ ದೇಹಕ್ಕಾಗಲಿ ಮನಸ್ಸಿಗಾಗಲಿ ಹಾನಿಯಾಗುವಂಥ ದುಡಿಮೆ ಸಲ್ಲದು; ನೆರೆಯವನ ವ್ಯಾಪಾರ ಮುರಿಯುವಂತೆ ಬೆಲೆ ಇಳಿಸಿ ಮಾರಬಾರದು; ಗಿರವಿ ವ್ಯಾಪಾರ ಕೂಡದು; ಮದ್ಯ ಕಾಯಿಸಿ ಮಾರುವವರು ಜನರನ್ನು ಕೊಲ್ಲುವವರು; ಶುಲ್ಕದ ಆಸೆಗೆ ರೋಗವನ್ನು ಎಳೆಯುವ ವೈದ್ಯನೂ ಅದೇ ಸಾಲಿನವನು. ಉಳಿಕೆಯೆಂದರೆ ಪೆಟ್ಟಿಗೆಯಲ್ಲಿಡುವುದಲ್ಲ, ನಾಲಗೆ ಕಣ್ಣುಗಳ ಚಪಲಕ್ಕೆ ವ್ಯಯಿಸದಿರುವುದು. ಮಕ್ಕಳು ಹಾಳುಮಾಡುವರೆಂದು ಗೊತ್ತಿದ್ದೂ ಅವರಿಗೆ ಆಸ್ತಿ ಬಿಟ್ಟುಹೋಗುವುದನ್ನೂ ಅವನು ಒಪ್ಪುವುದಿಲ್ಲ. ತನಗೂ ಕುಟುಂಬಕ್ಕೂ ಅಗತ್ಯವಾದುದನ್ನು ಕಳೆದು ಮಿಕ್ಕಿದ್ದೆಲ್ಲವೂ, ಕ್ರಮವಾಗಿ ವಿಶ್ವಾಸಿಗಳಿಗೂ ಸಕಲ ಮನುಷ್ಯರಿಗೂ, ಸಲ್ಲಬೇಕಾದುದು. 1781ರ ಮತ್ತೊಂದು ಪ್ರವಚನದಲ್ಲಿ ಶ್ರೀಮಂತನೆಂದರೆ ಯಾರೆಂಬುದನ್ನೂ ಅವನು ನಿರ್ಧರಿಸಿದನು: ಅನ್ನ, ಬಟ್ಟೆ, ಸೂರುಗಳಿಗಿಂತ ಹೆಚ್ಚಿನದನ್ನು ಹೊಂದಿದ ಯಾರಾದರೂ. ಈ ವ್ಯಾಖ್ಯೆಯ ಬಲೆಗೆ ಬೀಳದವರು ಅವನ ಸಭೆಯಲ್ಲಿಯೂ ಹೆಚ್ಚು ಜನ ಇದ್ದಿರಲಾರರು.

ಕಾಯಕ-ದಾಸೋಹಗಳ ಪರಿಕಲ್ಪನೆಯಲ್ಲಿ ಬೆಳೆದ ಕನ್ನಡದ ಓದುಗರಿಗೆ ಇಲ್ಲಿ ಸಾಮ್ಯ ತಟ್ಟನೆ ಕಾಣುವುದು ಸಹಜ. ಆದರೆ ಎರಡನ್ನೂ ಸಮೀಕರಿಸುವ ಮುನ್ನ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ವೆಸ್ಲಿಯ ಮನೆವಾರ್ತೆಯವನು ಕೊನೆಯ ದಿನ ಒಡೆಯನೆದುರು ನಿಂತು ಲೆಕ್ಕ ಒಪ್ಪಿಸಬೇಕಾದವನು. ಆ ಭಯ ಅವನ ಗದ್ಯದ ಉದ್ದಕ್ಕೂ ಇದೆ.

ವೆಸ್ಲಿಯ ಖಾಸಗಿ ಬದುಕು ಈ ಬೋಧನೆಗೆ ಎಷ್ಟರಮಟ್ಟಿಗೆ ಹೊಂದುತ್ತಿತ್ತು? 1743ರಲ್ಲಿಯೇ ಅವನು, ಸಾಲ ತೀರಿಸಿ ಪುಸ್ತಕಗಳನ್ನು ಬಿಟ್ಟು ತಾನು 10 ಪೌಂಡು ಉಳಿಸಿ ಸತ್ತರೆ ಕಳ್ಳನಾಗಿ ಬದುಕಿ ಸತ್ತನೆಂದು ಲೋಕವೆಲ್ಲ ಸಾಕ್ಷಿ ನುಡಿಯಲೆಂದು ಬಹಿರಂಗವಾಗಿ ಘೋಷಿಸಿದ್ದನು. 1751ರಲ್ಲಿ ಅವನು ಮದುವೆಯಾದ ಮೇರಿ ವಜೀಲ್ ವರ್ತಕನೊಬ್ಬನ ವಿಧವೆ. ಅವಳ ಬಳಿ 10,000 ಪೌಂಡುಗಳಷ್ಟು ಸಂಪತ್ತಿತ್ತು. ಮದುವೆಗೆ ಮುನ್ನವೇ ಅದನ್ನೆಲ್ಲ ಅವಳಿಗೂ ಅವಳ ಮಕ್ಕಳಿಗೂ ಕಟ್ಟಿಟ್ಟು ತಾನು ಮುಟ್ಟದಂತೆ ಪತ್ರ ಮಾಡಿಸಿದನು. ದಾಂಪತ್ಯ ಸುಖವಾಗಿರಲಿಲ್ಲ. ಇದಕ್ಕೆ ಮೇರಿಯ ಮುಂಗೋಪವನ್ನೇ ಹೊಣೆಯಾಗಿಸಿದ ಹಳೆಯ ಜೀವನಚರಿತ್ರಕಾರರು, ವರ್ಷದ ಬಹುಪಾಲು ಮನೆಯಲ್ಲಿರದ ಗಂಡನ ಪಾಲನ್ನು ಎಣಿಸಲಿಲ್ಲ. ಎಲ್ಲರಿಗೂ ಎಲ್ಲವನ್ನೂ ಕೊಟ್ಟವನು ಹೆಂಡತಿಗೆ ತನ್ನ ಕಾಲವನ್ನು ಕೊಡಲಾರದೆ ಹೋದನು. ಅವಳು 1781ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ಅವನಿಗೆ ಬಂದದ್ದು ಒಂದು ಉಂಗುರ.

ಹಣ ಬಂದುದು ಪುಸ್ತಕಗಳಿಂದ. ಬಡವರೂ ಕೊಳ್ಳಲೆಂದು ಒಂದೆರಡು ಪೆನ್ನಿಗಳ ಬೆಲೆಯಿಟ್ಟು ಅಚ್ಚು ಹಾಕಿಸಿದ ಕಿರುಹೊತ್ತಗೆಗಳು ಅಪಾರವಾಗಿ ಖರ್ಚಾದವು. 1747ರ ಮನೆಮದ್ದಿನ ಪುಸ್ತಕವೊಂದೇ ಅವನ ಜೀವಿತಕಾಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮುದ್ರಣಗಳನ್ನು ಕಂಡಿತು. ತನಗರಿವಿಲ್ಲದೆ ತಾನು ಶ್ರೀಮಂತನಾದೆನೆಂದು ಅವನು ಮುಪ್ಪಿನಲ್ಲಿ ಬೆರಗಿನಿಂದ ಬರೆದುಕೊಂಡಿದ್ದಾನೆ. ಬದುಕಿನಲ್ಲಿ ಅವನು ಕೊಟ್ಟುಹಾಕಿದ ಹಣವನ್ನು ಸಮಕಾಲೀನ ಜೀವನಚರಿತ್ರಕಾರರು 30,000 ಪೌಂಡುಗಳವರೆಗೆ ಅಂದಾಜು ಮಾಡಿದ್ದಾರೆ. 1776ರಲ್ಲಿ ಸುಂಕದ ಅಧಿಕಾರಿಗಳು, ಇಷ್ಟು ಪ್ರಸಿದ್ಧನ ಬಳಿ ತೆರಿಗೆಗೆ ಒಳಪಡುವ ಬೆಳ್ಳಿಯ ಸಾಮಾನು ಇರಲೇಬೇಕೆಂದು ಶಂಕಿಸಿ ವಿವರ ಕೇಳಿದರು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಬೆಳ್ಳಿ ಚಮಚಗಳಿವೆಯೆಂದೂ, ಸುತ್ತಲಿನ ಜನಕ್ಕೆ ರೊಟ್ಟಿಯಿಲ್ಲದಿರುವಾಗ ಹೆಚ್ಚಿಗೆ ಕೊಳ್ಳುವ ಉದ್ದೇಶವಿಲ್ಲವೆಂದೂ ಅವನು ಉತ್ತರಿಸಿದನು. 1785ರ ಜನವರಿಯಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಕರಗುವ ಹಿಮದಲ್ಲಿ ಹರಡು ಮುಳುಗುತ್ತಿದ್ದರೂ ಐದು ದಿನ ಲಂಡನ್ನಿನ ಬೀದಿಗಳನ್ನು ತಿರುಗಿ ಬಡವರ ಬಟ್ಟೆಗಾಗಿ 200 ಪೌಂಡು ಬೇಡಿ ತಂದು ಕಾಯಿಲೆ ಬಿದ್ದನು.

ಇಷ್ಟಾಗಿಯೂ ಅವನ ಕೊನೆಯ ದಶಕ ನೆಮ್ಮದಿಯದಾಗಿರಲಿಲ್ಲ. ಕುಡಿತ ಬಿಟ್ಟು, ಶ್ರಮಪಟ್ಟು ದುಡಿದು, ದುಂದು ಮಾಡದೆ ಬದುಕಿದ ಮೆಥಡಿಸ್ಟರು ಒಂದೆರಡು ತಲೆಮಾರುಗಳಲ್ಲಿ ಅನುಕೂಲಸ್ಥರಾಗಿದ್ದರು. ಸಂಪತ್ತು ಹೆಚ್ಚಿದಲ್ಲೆಲ್ಲ ಅದೇ ಪ್ರಮಾಣದಲ್ಲಿ ಧರ್ಮದ ಸತ್ವ ಕುಗ್ಗಿದುದನ್ನು ಅವನು 1786ರ ಪ್ರಬಂಧವೊಂದರಲ್ಲಿ ವಿಷಾದದಿಂದ ಗುರುತಿಸಿದನು. ಧರ್ಮವು ಶ್ರಮವನ್ನೂ ಮಿತವ್ಯಯವನ್ನೂ ಹುಟ್ಟಿಸುತ್ತದೆ. ಅವು ಸಂಪತ್ತನ್ನು ಹುಟ್ಟಿಸುತ್ತವೆ. ಸಂಪತ್ತು ಧರ್ಮವನ್ನು ತಿನ್ನುತ್ತದೆ. ಹಾಗಾದರೆ ನಿಜಧರ್ಮ ಬಹುಕಾಲ ಬಾಳುವ ದಾರಿ ಯಾವುದು? ಮೂರನೆಯ ನಿಯಮದ ಹೊರತು ಅವನಿಗೆ ಬೇರೆ ಉತ್ತರ ಕಾಣಲಿಲ್ಲ. ಮ್ಯಾಕ್ಸ್ ವೇಬರ್ ಪ್ರಾಟೆಸ್ಟೆಂಟ್ ನೀತಿಗೂ ಬಂಡವಾಳಶಾಹಿಗೂ ಇರುವ ನಂಟನ್ನು ವಿವೇಚಿಸುವಾಗ ವೆಸ್ಲಿಯ ಈ ಭಾಗವನ್ನು ಮುಖ್ಯ ಪುರಾವೆಯಾಗಿ ಬಳಸಿಕೊಂಡುದು ಸಮಾಜಶಾಸ್ತ್ರದ ಓದುಗರಿಗೆ ತಿಳಿದ ವಿಷಯ. ವೇಬರ್ ಇದನ್ನು ಒಂದು ಸಾಮಾಜಿಕ ನಿಯಮದ ಮುನ್ಸೂಚನೆಯಾಗಿ ಓದಿದನು. ಎಂಬತ್ಮೂರರ ಮುದುಕನಿಗೆ ಅದು ತನ್ನ ಕಣ್ಣೆದುರಿನ ಸೋಲಾಗಿತ್ತು.

ಈ ಸೋಲಿಗೆ ಶಿಷ್ಯರ ಲೋಭವೊಂದೇ ಕಾರಣವೆಂದು ವೆಸ್ಲಿ ಭಾವಿಸಿದಂತಿದೆ. 1789 ಮತ್ತು 1790ರ ಪ್ರವಚನಗಳಲ್ಲಿ, ಮೊದಲೆರಡು ನಿಯಮಗಳನ್ನು ಪಾಲಿಸುವವರು ಹಲವರು, ಮೂರನೆಯದನ್ನು ಪಾಲಿಸುವವರು ತೀರ ಕೆಲವರೆಂದು ಅವನು ಕಿಡಿಕಾರುತ್ತಾನೆ. ಆದರೆ ಅವನೇ ಕಟ್ಟಿದ ವ್ಯವಸ್ಥೆಯನ್ನು ನೋಡಿದರೆ ಬೇರೊಂದು ಕಾರಣವೂ ಕಾಣುತ್ತದೆ. ಕುಡಿತ, ದುಂದುವೆಚ್ಚ, ಚಿನ್ನದೊಡವೆ, ಬೆಲೆಬಾಳುವ ಉಡುಪು ಇವುಗಳ ಮೇಲೆ ಕ್ಲಾಸ್‌ನ ಮುಖಂಡನ ಕಣ್ಣಿತ್ತು. ತಪ್ಪಿದವರಿಗೆ ಸದಸ್ಯತ್ವದ ಚೀಟಿ ನಿಲ್ಲುತ್ತಿತ್ತು. ಗಳಿಕೆ ಉಳಿಕೆಗಳಿಗೆ ಹೀಗೆ ಸಾಂಸ್ಥಿಕ ಬಲವಿತ್ತು. ಮಿಕ್ಕಿದ್ದೆಷ್ಟು, ಕೊಟ್ಟಿದ್ದೆಷ್ಟು ಎಂಬುದನ್ನು ಮಾತ್ರ ಅವನು ಆಯಾ ವ್ಯಕ್ತಿಯ ಆತ್ಮಸಾಕ್ಷಿಗೆ ಬಿಟ್ಟನು. ವಾರದ ಪೆನ್ನಿಯನ್ನು ಮನೆಮನೆಯಿಂದ ಎತ್ತಿದ ಸಂಘಟನೆಗೆ ಶ್ರೀಮಂತನ ಲೆಕ್ಕದ ಪುಸ್ತಕವನ್ನು ತೆರೆಸುವ ಅಧಿಕಾರವಿರಲಿಲ್ಲ. ರಾಜಕೀಯವಾಗಿ ಅವನು ಸಂಪ್ರದಾಯವಾದಿ. 1775ರಲ್ಲಿ ಅಮೆರಿಕದ ವಸಾಹತುಗಳ ಬಂಡಾಯವನ್ನು ವಿರೋಧಿಸಿ ಬರೆದವನು. ಒಡೆತನ ದೇವರದೆಂದು ಸಾರಿದರೂ ಇಂಗ್ಲೆಂಡಿನ ಒಡೆತನದ ಕಾನೂನನ್ನು ಅವನು ಮುಟ್ಟಲಿಲ್ಲ.

1790ರ ಜುಲೈಯಲ್ಲಿ ವೆಸ್ಲಿ ತನ್ನ ಲೆಕ್ಕದ ಪುಸ್ತಕವನ್ನು ಮುಚ್ಚಿದನು. ಎಂಬತ್ತಾರು ವರ್ಷಗಳಿಗೂ ಮೀರಿ ಲೆಕ್ಕವನ್ನು ಕರಾರುವಾಕ್ಕಾಗಿ ಇಟ್ಟೆನೆಂದೂ, ಉಳಿಸಬಹುದಾದುದನ್ನು ಉಳಿಸಿ ಇರುವುದನ್ನೆಲ್ಲ ಕೊಡುತ್ತಿರುವೆನೆಂಬ ನಂಬಿಕೆಯಿರುವುದರಿಂದ ಇನ್ನು ಬರೆಯುವುದಿಲ್ಲವೆಂದೂ ಅದರಲ್ಲಿ ಗುರುತು ಹಾಕಿದನು. ಅವನಿಗೆ ಆಗ ಎಂಬತ್ತೇಳು. ಲೆಕ್ಕದವನ ಕೊನೆಯ ಲೆಕ್ಕದಲ್ಲಿಯೇ ಅಂಕಿ ತಪ್ಪಿದೆ.

1791ರ ಫೆಬ್ರವರಿ 24ರಂದು ಗುಲಾಮ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಧೈರ್ಯ ತುಂಬಿ ಪತ್ರ ಬರೆದನು. ಮಾರ್ಚ್ 2ರಂದು ಲಂಡನ್ನಿನ ಸಿಟಿ ರೋಡ್‌ನ ಮನೆಯಲ್ಲಿ ತೀರಿಕೊಂಡನು. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಆಗ ಅವನ ಅನುಯಾಯಿಗಳು ಎಪ್ಪತ್ತು ಸಾವಿರ ಮಂದಿ. ತನ್ನ ಜೇಬುಗಳಲ್ಲಿಯೂ ಮೇಜಿನ ಖಾನೆಗಳಲ್ಲಿಯೂ ಇರಬಹುದಾದ ಚಿಲ್ಲರೆಯನ್ನು ಅವನು ಉಯಿಲಿನಲ್ಲಿ ನಾಲ್ವರಿಗೆ ಹಂಚಿದ್ದನು. ಶವಯಾನಕ್ಕೆ ರಥವಾಗಲಿ ಸಾರೋಟಾಗಲಿ ಕೂಡದೆಂದೂ, ಆರು ಮಂದಿ ಬಡವರು ದೇಹವನ್ನು ಹೊರಬೇಕೆಂದೂ, ಅವರಿಗೆ ತಲಾ 20 ಶಿಲಿಂಗು ಕೊಡಬೇಕೆಂದೂ ಅದರಲ್ಲಿತ್ತು. ಫೌಂಡರಿಯ ನಿಧಿ ಮೊದಲಲ್ಲಿ ಒಬ್ಬ ಬಡವನಿಗೆ ಕೊಡುತ್ತಿದ್ದ ಸಾಲದ ಮೊತ್ತವೂ ಅಷ್ಟೇ ಆಗಿತ್ತು. ಈ ಹಣವನ್ನು ಮೂರು ತಿಂಗಳಲ್ಲಿ ಹಿಂದಿರುಗಿಸಬೇಕಾಗಿರಲಿಲ್ಲ. ಜನಸಂದಣಿಗೆ ಹೆದರಿ, ಮಾರ್ಚ್ 9ರಂದು ಬೆಳಕು ಹರಿಯುವ ಮುನ್ನವೇ ಅವನನ್ನು ಸಿಟಿ ರೋಡ್‌ನ ಆರಾಧನಾಲಯದ ಹಿಂಭಾಗದಲ್ಲಿ ಮಣ್ಣು ಮಾಡಲಾಯಿತು.